ಚಕ್ರವರ್ತಿಗೆ ಯಾರೂ ಹೇಳಲಿಲ್ಲ: ಹಿರೊಹಿಟೊ ಕೊನೆಯ 111 ದಿನ

1988ರ ಸೆಪ್ಟೆಂಬರ್ 19ರ ರಾತ್ರಿ ಟೋಕಿಯೊ ಅರಮನೆಯಲ್ಲಿ 87 ವರ್ಷದ ಚಕ್ರವರ್ತಿ ಹಿರೊಹಿಟೊ ರಕ್ತ ಕಾರಿಕೊಂಡರು. ಅಲ್ಲಿಂದಾಚೆ ಜಪಾನಿನ ಟಿವಿ, ಪತ್ರಿಕೆಗಳಲ್ಲಿ ದಿನವೂ ಅಂಕಿಗಳು. ಜ್ವರ ಎಷ್ಟು, ನಾಡಿ ಎಷ್ಟು, ಬಿಪಿ ಎಷ್ಟು, ನಿಮಿಷಕ್ಕೆ ಎಷ್ಟು ಸಲ ಉಸಿರು, ಇವತ್ತು ಎಷ್ಟು ಸಿಸಿ ರಕ್ತ ಕೊಟ್ರು. ಎಂಜಿನಿಯರಿಂಗ್ ಓದಿದ ನನ್ನಂಥವರಿಗೆ ಇದು ವಿಚಿತ್ರ ಅನಿಸುತ್ತೆ. ಎಲ್ಲ ರೀಡಿಂಗೂ ಪರದೆ ಮೇಲಿದೆ, ಕೆಟ್ಟಿರೋದು ಏನು ಅನ್ನೋದು ಮಾತ್ರ ಇಲ್ಲ.

ಕೆಟ್ಟಿದ್ದೇನು ಅಂತ ಅರಮನೆಯ ವೈದ್ಯರಿಗೆ ಒಂದು ವರ್ಷದಿಂದಲೇ ಗೊತ್ತಿತ್ತು. 1987ರ ಸೆಪ್ಟೆಂಬರ್ 22ರಂದು ಅವರ ಕರುಳಿಗೆ ಬೈಪಾಸ್ ಆಪರೇಷನ್ ಆಗಿತ್ತು. ಜಪಾನಿನ ಚಕ್ರವರ್ತಿಯೊಬ್ಬರ ಮೈಗೆ ಶಸ್ತ್ರಚಿಕಿತ್ಸೆಯ ಕತ್ತಿ ತಾಗಿದ್ದು ಅದೇ ಮೊದಲು. ಆಗ ತೆಗೆದ ತುಣುಕಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಸಿಕ್ಕಿತು. ಹೊರಗೆ ಹೇಳಿದ್ದು ಮೇದೋಜೀರಕ ಗ್ರಂಥಿಯ ಹಳೇ ಉರಿಯೂತ ಅಂತ. ರೋಗಿಗೂ ಹೇಳಲಿಲ್ಲ. ಆ ಕಾಲದ ಜಪಾನಿನಲ್ಲಿ ಮನೆಯವರಿಗೆ ತಿಳಿಸಿ ರೋಗಿಯಿಂದ ಮುಚ್ಚಿಡೋದು ಸಾಮಾನ್ಯ ರೂಢಿ. ಆದರೆ ಈ ರೋಗಿ ಸ್ವತಃ ಜೀವವಿಜ್ಞಾನಿ. ಅರಮನೆಯ ಪ್ರಯೋಗಾಲಯದಲ್ಲಿ ಸಮುದ್ರದ ಸಣ್ಣ ಜೀವಿಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾ ದಶಕಗಳನ್ನೇ ಕಳೆದವರು. ತಮ್ಮದೇ ಮೈಯ ಜೀವಕೋಶದ ಸುದ್ದಿ ಅವರಿಗೆ ತಲುಪಲಿಲ್ಲ.

ಈ ಮನುಷ್ಯನ ಬಗ್ಗೆ ನನಗೆ ಸುಲಭವಾಗಿ ಅನುಕಂಪ ಹುಟ್ಟಲ್ಲ. 1901ರಲ್ಲಿ ಹುಟ್ಟಿ, 1926ರಲ್ಲಿ ಪಟ್ಟಕ್ಕೆ ಬಂದವರು. ಚೀನಾ ಮೇಲಿನ ಯುದ್ಧ, ಪರ್ಲ್ ಹಾರ್ಬರ್ ಎಲ್ಲವೂ ಇವರ ಹೆಸರಿನಲ್ಲೇ ನಡೆದವು. ಜಪಾನ್ ಸರ್ಕಾರದ ಲೆಕ್ಕದಲ್ಲೇ ಸತ್ತ ಜಪಾನೀಯರು ಸುಮಾರು 31 ಲಕ್ಷ. ಏಷ್ಯಾದ ಉಳಿದ ಕಡೆ ಸತ್ತವರು ಅದಕ್ಕಿಂತ ಎಷ್ಟೋ ಪಟ್ಟು. ಇವರ ಪಾಲು ಎಷ್ಟು ಅಂತ ಇತಿಹಾಸಕಾರರು ಇನ್ನೂ ಜಗಳವಾಡ್ತಿದ್ದಾರೆ. 1945ರ ಆಗಸ್ಟಿನಲ್ಲಿ ಯುದ್ಧ ನಿಲ್ಲಿಸುವ ಶಕ್ತಿ ಇದ್ದವರಿಗೆ ಅದಕ್ಕೂ ಮುಂಚೆ ಏನೂ ಕೈಯಲ್ಲಿರಲಿಲ್ಲ ಅನ್ನೋ ವಾದ ನನಗೆ ಒಪ್ಪಿಗೆಯಾಗಿಲ್ಲ. ಅಮೆರಿಕದ ಜನರಲ್ ಮ್ಯಾಕ್‌ಆರ್ಥರ್‌ಗೆ ಇವರು ಬೇಕಾಗಿದ್ದರು, ಹಾಗಾಗಿ ಟೋಕಿಯೊ ವಿಚಾರಣೆಯಿಂದ ಉಳಿದರು. 1946ರ ಜನವರಿ 1ರಂದು ತಾವು ದೇವರಲ್ಲ ಎಂದು ಸಾರಿದರು.

ದೇವರಲ್ಲ ಅಂದವರನ್ನು ಕೊನೆಗೆ ಮನುಷ್ಯರ ಹಾಗೆ ಸಾಯೋಕೂ ಬಿಡಲಿಲ್ಲ. ಅವರನ್ನು ಆಸ್ಪತ್ರೆಗೆ ಒಯ್ಯಲಿಲ್ಲ, ಅರಮನೆಯೇ ಐಸಿಯು ಆಯಿತು. 111 ದಿನಗಳಲ್ಲಿ 31,000 ಸಿಸಿಗೂ ಹೆಚ್ಚು ರಕ್ತ ಕೊಟ್ಟರು. ದೊಡ್ಡವರ ಮೈಯಲ್ಲಿ ಇರೋದು ಸುಮಾರು 5 ಲೀಟರ್. ಅಂದ್ರೆ ಇಡೀ ದೇಹದ ರಕ್ತವನ್ನು ಆರು ಸಲ ತುಂಬಿಸಿದ ಹಾಗೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬೇಡ. ಕ್ಯಾನ್ಸರ್ ಇದ್ದವರಿಗೆ ಐಸಿಯು ದಂಡ ಅನ್ನೋದು ಹಳೇ ಮಾತು. ಕೆಲವು ದಶಕಗಳ ಹಿಂದೆ ರಕ್ತದ ಕ್ಯಾನ್ಸರ್ ರೋಗಿಯನ್ನು ವೆಂಟಿಲೇಟರ್‌ಗೆ ಹಾಕೋಕೇ ವೈದ್ಯರು ಹಿಂಜರಿಯುತ್ತಿದ್ದರು. ಈಗ ಅಂಥವರೂ ಮೊದಲಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮನೆಗೆ ಹೋಗ್ತಿದ್ದಾರೆ. ಕಿಮೋ ನಂತರ ಸೋಂಕು ತಗುಲಿದವರು, ಗಡ್ಡೆ ತೆಗೆಸಿಕೊಂಡು ಬಂದವರು ಕೆಲವು ದಿನ ಯಂತ್ರದ ಆಸರೆ ಪಡೆದು ಚೇತರಿಸಿಕೊಳ್ಳಬಹುದು. ಎಷ್ಟು ಅಂಗಗಳು ಕೈಕೊಟ್ಟಿವೆ, ಕಾಯಿಲೆ ಬೀಳುವ ಮುಂಚೆ ಎದ್ದು ಓಡಾಡ್ತಿದ್ದರಾ ಅನ್ನೋದು ಆ ಹೊತ್ತಿನ ಉಳಿವನ್ನು ಎಷ್ಟೋ ಸಲ ಕ್ಯಾನ್ಸರಿನ ಹೆಸರಿಗಿಂತ ಹೆಚ್ಚು ನಿರ್ಧರಿಸುತ್ತೆ. ಅನುಮಾನ ಇದ್ದಾಗ ಕೆಲವು ದಿನದ ಗಡುವು ಹಾಕಿ ಪೂರ್ತಿ ಚಿಕಿತ್ಸೆ ಕೊಟ್ಟು, ಆಮೇಲೆ ಕೂತು ಮಾತಾಡೋ ಪದ್ಧತಿಯೂ ಇದೆ.

ಹಿರೊಹಿಟೊ ಕಥೆ ಬೇರೆ. ತೆಗೆಯಲಾಗದ ಗಡ್ಡೆ, 87 ವರ್ಷ, ತುಂಬಿಸಿದಷ್ಟೂ ಸೋರುವ ರಕ್ತ. ಕೂತು ಮಾತಾಡೋಕೆ ರೋಗಿಗೆ ವಿಷಯವೇ ಗೊತ್ತಿಲ್ಲ. ಸಾಕು ಅನ್ನೋ ಧೈರ್ಯ ಯಾವ ವೈದ್ಯರಿಗೆ ಬರುತ್ತೆ? ಅವರ ಹೆಸರಿನಲ್ಲಿ ಲಕ್ಷಾಂತರ ಹುಡುಗರನ್ನು ಕೇಳದೇ ಸಾಯೋಕೆ ಕಳಿಸಿದ್ದ ವ್ಯವಸ್ಥೆ, ಅವರನ್ನೂ ಕೇಳದೇ ಬದುಕಿಸಿಟ್ಟಿತ್ತು.

ನಮ್ಮಲ್ಲಿ ಚಕ್ರವರ್ತಿ ಬೇಕಾಗಿಲ್ಲ. ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ ಅನ್ನೋ ಮಾತು ಪ್ರತಿ ಕ್ಯಾನ್ಸರ್ ವಾರ್ಡಿನ ಹೊರಗೂ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯ ಸಾವಿನ ಹಕ್ಕನ್ನು ಒಪ್ಪಿ, 2023ರಲ್ಲಿ ನಿಯಮ ಸಡಿಲಿಸಿತು. 2025ರ ಜನವರಿಯಲ್ಲಿ ಕರ್ನಾಟಕವೂ ಅದಕ್ಕೆ ಆದೇಶ ಹೊರಡಿಸಿತು. ಎರಡು ಹಂತದ ವೈದ್ಯರ ಮಂಡಳಿ, ರೋಗಿ ಮೊದಲೇ ಬರೆದಿಡಬಹುದಾದ ಉಯಿಲು ಎಲ್ಲ ಅದರಲ್ಲಿದೆ. ಆದರೆ ಕಾಯಿಲೆಯನ್ನೇ ಮುಚ್ಚಿಟ್ಟರೆ ಆ ಉಯಿಲು ಬರೆಯೋರು ಯಾರು?

ಅತ್ತ ಜಪಾನ್ ಮೌನಕ್ಕೆ ಜಾರಿತು. ಹಬ್ಬಗಳು ರದ್ದಾದವು, ಮದುವೆಗಳು ಮೊಟಕಾದವು. ಕಾರಿನ ಜಾಹೀರಾತೊಂದರಲ್ಲಿ ಗಾಯಕ ಇನೌಯೆ ಯೋಸುಯಿ ನೋಡುಗರ ಕ್ಷೇಮ ವಿಚಾರಿಸುವ ಮಾತಿತ್ತು, ಅದನ್ನೂ ಮ್ಯೂಟ್ ಮಾಡಿದರು. ಡಿಸೆಂಬರಿನಲ್ಲಿ ನಾಗಸಾಕಿ ಮೇಯರ್ ಮೊತೊಶಿಮಾ ಹಿತೊಶಿ, ಯುದ್ಧದ ಹೊಣೆ ಚಕ್ರವರ್ತಿಗೂ ಇದೆ ಎಂದರು. 1990ರ ಜನವರಿಯಲ್ಲಿ ಬಲಪಂಥೀಯನೊಬ್ಬ ಅವರಿಗೆ ಗುಂಡು ಹೊಡೆದ. ಹೇಗೋ ಬದುಕಿಕೊಂಡರು.

1989ರ ಜನವರಿ 7ರ ಬೆಳಿಗ್ಗೆ 6.33ಕ್ಕೆ ಹಿರೊಹಿಟೊ ತೀರಿಕೊಂಡರು. ಅರಮನೆ ಕ್ಯಾನ್ಸರ್ ಎಂಬ ಪದವನ್ನು ಅಧಿಕೃತವಾಗಿ ಬಳಸಿದ್ದು ಅದಾದ ಮೇಲೆ. ಜಪಾನಿನಲ್ಲಿ ವರ್ಷ ಎಣಿಸೋದು ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ. ಅವರ 64ನೇ ವರ್ಷ ಏಳೇ ದಿನಕ್ಕೆ ಮುಗಿಯಿತು.