ಕಾಡನ್ನು ಎಬ್ಬಿಸುವ ಹಾಡಿಗೆ ಕಿವಿಗೊಟ್ಟ ಕಾಲಿನ್ ಟರ್ನ್‌ಬುಲ್

ಕಾಡಿನ ಜನ ಗುಟ್ಟಾಗಿ ಇಟ್ಟುಕೊಂಡಿದ್ದ ಕಹಳೆಯನ್ನು ನೋಡಲು ಹೊರಟಾಗ ಕಾಲಿನ್ ಟರ್ನ್‌ಬುಲ್ ಮನಸ್ಸಿನಲ್ಲಿದ್ದದ್ದು ಅಂದವಾಗಿ ಕೆತ್ತಿದ ಮರದ ವಾದ್ಯ. ಆದರೆ ಯುವಕರು ಹೊತ್ತು ತಂದದ್ದು ಸುಮಾರು 15 ಅಡಿ ಉದ್ದದ, ನಡುವೆ ಬಾಗಿದ ಲೋಹದ ಪೈಪು! ಅದೂ ರಸ್ತೆ ಕೆಲಸದವರಿಂದ ಎಗರಿಸಿದ್ದು. ಟರ್ನ್‌ಬುಲ್ ಅವರಿಗೆ ನಿರಾಸೆಯಾಯಿತು. ಎಂಬುಟಿ ಜನರಿಗೆ ಆ ನಿರಾಸೆಯೇ ಅರ್ಥವಾಗಲಿಲ್ಲ. ಮರದ್ದಾದರೆ ಕೊಳೆಯುತ್ತದೆ, ಇದು ಕೊಳೆಯುವುದಿಲ್ಲ, ನಾದವೂ ಚೆನ್ನಾಗಿದೆ, ಮತ್ತೇನು ಬೇಕು ಎಂಬುದು ಅವರ ಲೆಕ್ಕ.

ಟರ್ನ್‌ಬುಲ್ ಹುಟ್ಟಿದ್ದು 1924ರ ನವೆಂಬರ್ 23ರಂದು, ಲಂಡನ್ ಬಳಿಯ ಹ್ಯಾರೋದಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಓದು, ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಸೇವೆ. ಆಮೇಲೆ ಅವರು ಬಂದದ್ದು ಆಫ್ರಿಕಾಕ್ಕಲ್ಲ, ನಮ್ಮ ಕಾಶಿಗೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಭಾರತೀಯ ಧರ್ಮ, ತತ್ವಶಾಸ್ತ್ರ ಓದಿದರು. ಆನಂದಮಯಿ ಮಾ ಅವರ ಆಶ್ರಮದಲ್ಲೂ ಕಾಲ ಕಳೆದರು. 1951ರಲ್ಲಿ ಗೆಳೆಯನೊಬ್ಬನ ಜೊತೆ ಮೋಟಾರ್‌ಸೈಕಲ್ ಏರಿ ಆಫ್ರಿಕಾ ಸುತ್ತುವಾಗ ಅಂದಿನ ಬೆಲ್ಜಿಯನ್ ಕಾಂಗೋದ ಇಟೂರಿ ಕಾಡು ತಲುಪಿದರು. ಕೈಖರ್ಚಿಗೆ ಸಿಕ್ಕ ಕೆಲಸವೂ ಸ್ವಾರಸ್ಯವಾದದ್ದೇ. 'ದಿ ಆಫ್ರಿಕನ್ ಕ್ವೀನ್' ಹಾಲಿವುಡ್ ಚಿತ್ರಕ್ಕೆ ದೋಣಿ ಸಿದ್ಧಪಡಿಸುವ ಕೆಲಸ ಅದು.

ಹೊರಗಿನವರು ಪಿಗ್ಮಿಗಳೆಂದು ಕರೆಯುವ ಎಂಬುಟಿ ಜನರ ಹಾಡು ಅವರನ್ನು ಬಿಡಲಿಲ್ಲ. 1954ರಲ್ಲಿ ಮತ್ತೆ ಹೋದರು. 1957-58ರಲ್ಲಿ ಮೂರನೆಯ ಸಲ ಹೋಗಿ, ಎಪುಲು ನದಿಯ ಸುತ್ತಲಿನ ಕಾಡಿನಲ್ಲಿ ಅವರ ಬಿಡಾರಗಳಲ್ಲೇ ಎಲೆಗುಡಿಸಲು ಹಾಕಿಕೊಂಡು ಉಳಿದರು.

ಈ ಹಾಡುಗಾರಿಕೆಯ ರೀತಿಯೇ ಬೇರೆ. ಮುಂದೆ ಕೂತ ಗಾಯಕ, ಹಿಂದೆ ಪಕ್ಕವಾದ್ಯ, ಎದುರಿಗೆ ಕೇಳುಗರು ಎಂಬ ನಮ್ಮ ಕಛೇರಿಯ ಏರ್ಪಾಟು ಅಲ್ಲಿಲ್ಲ. ಒಬ್ಬರು ಒಂದು ಸ್ವರ ಹಿಡಿದರೆ ಪಕ್ಕದವರು ಇನ್ನೊಂದು, ಆಚೆಯವರು ಮತ್ತೊಂದು. ಹೀಗೆ ರಾಗ ವೃತ್ತದಲ್ಲಿ ಸುತ್ತುತ್ತದೆ. ಇಡೀ ಹಾಡು ಯಾರೊಬ್ಬರ ಬಾಯಲ್ಲೂ ಇರುವುದಿಲ್ಲ. ಮುಖಂಡನಿಲ್ಲದೆ ಬದುಕುವ ಜನರಿಗೆ ಇದಕ್ಕಿಂತ ಒಪ್ಪುವ ಸಂಗೀತ ಬೇರೆ ಇರಲಾರದು.

ಒಬ್ಬ ಹಿರಿಯ ಮಹಿಳೆ ತೀರಿಕೊಂಡಾಗ ನಡೆದ 'ಮೋಲಿಮೋ' ಆಚರಣೆಯನ್ನು ಟರ್ನ್‌ಬುಲ್ ಆರಂಭದಿಂದ ಕೊನೆಯವರೆಗೆ ಕಂಡರು. ಎಂಬುಟಿಗಳಿಗೆ ಕಾಡೇ ತಂದೆ, ಕಾಡೇ ತಾಯಿ. ಮಕ್ಕಳಿಗೆ ಕೇಡಾಯಿತೆಂದರೆ ಕಾಡು ನಿದ್ದೆಹೋಗಿದೆ ಎಂದರ್ಥ, ಹಾಡಿ ಎಬ್ಬಿಸಬೇಕು. ಹಗಲು ಪ್ರತಿ ಗುಡಿಸಲಿನಿಂದ ಊಟ, ಸೌದೆ ಎತ್ತುತ್ತಾರೆ. ರಾತ್ರಿ ಗಂಡಸರು ಬೆಂಕಿಯ ಸುತ್ತ ಕೂತು ಹಾಡುತ್ತಾರೆ, ನಿದ್ದೆ ಮಾಡುವಂತಿಲ್ಲ. ದಾರಿಯಲ್ಲಿ ಸಿಕ್ಕ ತೊರೆಯಲ್ಲಿ ನೀರು ಕುಡಿಸಿ ತಂದ ಆ ಕಹಳೆ ಕತ್ತಲಿನಿಂದ ಚಿರತೆಯಂತೆ, ಆನೆಯಂತೆ ದನಿಗೊಡುತ್ತದೆ. ಹೆಂಗಸರು ಅದನ್ನು ಯಾವುದೋ ಪ್ರಾಣಿ ಎಂದುಕೊಂಡು ಗುಡಿಸಲೊಳಗೆ ಇರಬೇಕೆಂಬುದು ನಿಯಮ. ಆದರೆ ಒಂದು ರಾತ್ರಿ ಮುದುಕಿಯೊಬ್ಬಳು ಬಂದು ಬೆಂಕಿಯನ್ನೇ ತುಳಿದು ಚೆದುರಿಸಿ, ಗಂಡಸರ ಕುತ್ತಿಗೆಗಳಿಗೆ ಹುರಿ ಕಟ್ಟಿಬಿಟ್ಟಳು. ಕಾಣಿಕೆ ಕೊಟ್ಟ ಮೇಲೆಯೇ ಬಿಡುಗಡೆ. ಗುಟ್ಟು ನಿಜಕ್ಕೂ ಯಾರದು ಎಂಬುದು ಆಗ ಅವರಿಗೆ ಹೊಳೆಯಿತು.

ಇದನ್ನೆಲ್ಲ ಬರೆದ 'ದಿ ಫಾರೆಸ್ಟ್ ಪೀಪಲ್' 1961ರಲ್ಲಿ ಬಂದು ಅಪಾರ ಓದುಗರನ್ನು ಗಳಿಸಿತು. ಅಲ್ಲಿ ಕಾಡು ತುಸು ಹೆಚ್ಚೇ ಸ್ವರ್ಗವಾಗಿ ಕಾಣುತ್ತದೆ ಎಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಉಗಾಂಡದ ಇಕ್ ಜನರ ಬಗೆಗಿನ 1972ರ ಪುಸ್ತಕವಂತೂ ಎದುರು ತುದಿಗೆ ಹೋಗಿ, ಹಸಿದ ಜನರನ್ನು ಕ್ರೂರಿಗಳೆಂದು ತೋರಿಸಿದ್ದಕ್ಕೆ ಬಲವಾದ ಖಂಡನೆ ಎದುರಿಸಿತು.

ಧ್ವನಿಮುದ್ರಣಗಳ ಕಥೆ ಬೇರೆ. ನ್ಯೂಯಾರ್ಕ್‌ನ ಫೋಕ್‌ವೇಸ್ ಕಂಪನಿ 1950ರ ದಶಕದಲ್ಲೇ ಅವನ್ನು ತಟ್ಟೆಗಳಾಗಿ ತಂದಿತು. 1977ರಲ್ಲಿ ನಾಸಾ ಹಾರಿಸಿದ ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಗೆ ಆಯ್ದ 27 ಸಂಗೀತದ ತುಣುಕುಗಳಲ್ಲಿ, ಎಂಬುಟಿ ಹುಡುಗಿಯರು ಮೈನೆರೆದಾಗಿನ ಆಚರಣೆಯ 56 ಸೆಕೆಂಡಿನ ಹಾಡೂ ಸೇರಿತು. ಮುಂಬೈಯಲ್ಲಿ ನೆಲೆಸಿದ್ದ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಅದೇ ತಟ್ಟೆಯಲ್ಲಿದೆ. ಒಂದು ವ್ಯತ್ಯಾಸ ಮಾತ್ರ ಚುಚ್ಚುತ್ತದೆ. ಭೈರವಿಯ ಜೊತೆ ಕೇಸರಬಾಯಿ ಅವರ ಹೆಸರಿದೆ, ಕಾಡಿನ ಹಾಡಿನ ಜೊತೆ ಇರುವುದು ಧ್ವನಿಮುದ್ರಿಸಿದ ಟರ್ನ್‌ಬುಲ್ ಹೆಸರು. ಹಾಡಿದ ಹುಡುಗಿಯರು ಬರೀ ಪಿಗ್ಮಿ ಹುಡುಗಿಯರು.

1959ರಲ್ಲಿ ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಸೇರಿದ ಟರ್ನ್‌ಬುಲ್, ಕಪ್ಪು ವರ್ಣೀಯರಾದ ಜೋಸೆಫ್ ಟೌಲ್ಸ್ ಜೊತೆ ಸುಮಾರು ಮೂರು ದಶಕ ಬಾಳಿದರು. ಇಬ್ಬರು ಗಂಡಸರು, ಅದೂ ಬೇರೆ ಬೇರೆ ವರ್ಣದವರು, ವರ್ಜೀನಿಯಾದ ಹಳ್ಳಿಗಾಡಿನಲ್ಲಿ ಬಹಿರಂಗವಾಗಿ ಮನೆ ಹೂಡುವುದು ಅಂದು ಸುಲಭದ ಮಾತಾಗಿರಲಿಲ್ಲ. 1988ರಲ್ಲಿ ಏಡ್ಸ್‌ನಿಂದ ಟೌಲ್ಸ್ ತೀರಿಕೊಂಡರು. ಟರ್ನ್‌ಬುಲ್ ತಮ್ಮ ಆಸ್ತಿಯನ್ನು ಕಪ್ಪು ವಿದ್ಯಾರ್ಥಿಗಳ ಓದಿಗೆ ನೆರವಾಗುವ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್‌ಗೆ ಕೊಟ್ಟರು. ಟಿಪ್ಪಣಿ, ಸಂಗ್ರಹಗಳು ಟೌಲ್ಸ್ ಹೆಸರಿನಲ್ಲೇ ಚಾರ್ಲ್ಸ್‌ಟನ್‌ನ ಏವರಿ ಸಂಶೋಧನಾ ಕೇಂದ್ರ ಸೇರಿದವು.

ಕೊನೆಗೆ ಅವರು ಮತ್ತೆ ಭಾರತಕ್ಕೆ ಬಂದು ಬೌದ್ಧ ಭಿಕ್ಷು ದೀಕ್ಷೆ ಪಡೆದರು. 1994ರ ಜುಲೈ 28ರಂದು ವರ್ಜೀನಿಯಾದಲ್ಲಿ ಏಡ್ಸ್‌ನಿಂದಲೇ ತೀರಿಕೊಂಡಾಗ ಅವರಿಗೆ 69 ವರ್ಷ.