ಹೂವಿನ ಹಿಂದೆ ಸುತ್ತುವ ಬೆಳಕು: ಜೋಸೆಫ್ ಪೆಟ್ಸ್‌ವಾಲ್

ಹೊಸ ಕ್ಯಾಮೆರಾ ಇದ್ದರೂ ಅದಕ್ಕೆ ಹಳೆಯ ಹಿತ್ತಾಳೆಯ ಲೆನ್ಸ್ ಜೋಡಿಸಿ ಹೂವಿನ ಚಿತ್ರ ತೆಗೆಯುವವರು ಇಂದು ಅನೇಕರಿದ್ದಾರೆ. ಅಂಥ ಚಿತ್ರದಲ್ಲಿ ನಡುವಿನ ಹೂವು ಎಸಳೆಸಳಾಗಿ ಸ್ಪಷ್ಟವಾಗಿರುತ್ತದೆ. ಹಿಂದಿನ ಎಲೆ, ಬೆಳಕುಗಳು ಮಾತ್ರ ಕುಂಚದಿಂದ ತಿರುವಿದಂತೆ ಅದರ ಸುತ್ತ ಸುಳಿಯುತ್ತವೆ. ಈ ಬಗೆಯ ಲೆನ್ಸನ್ನು ಮೊದಲು ರೂಪಿಸಿದವರು ಜೋಸೆಫ್ ಪೆಟ್ಸ್‌ವಾಲ್. ಅವರು ಛಾಯಾಗ್ರಾಹಕರಲ್ಲ, ಗಣಿತದ ಅಧ್ಯಾಪಕರು.

ಪೆಟ್ಸ್‌ವಾಲ್ ಹುಟ್ಟಿದ್ದು 1807ರ ಜನವರಿ 6ರಂದು, ಸ್ಪಿಷ್‌ಸ್ಕಾ ಬೆಲಾ ಎಂಬ ಊರಿನಲ್ಲಿ. ಆಗ ಅದು ಹಂಗೇರಿ ರಾಜ್ಯದಲ್ಲಿತ್ತು, ಈಗ ಸ್ಲೊವಾಕಿಯಾದಲ್ಲಿದೆ. ಬಾಲ್ಯದಲ್ಲಿ ಅವರಿಗೆ ಗಣಿತವೇ ತಲೆಗೆ ಹತ್ತುತ್ತಿರಲಿಲ್ಲ, ಮನೆಯವರು ಬೂಟು ಹೊಲಿಯುವ ಕೆಲಸಕ್ಕೆ ಸೇರಿಸಲು ಯೋಚಿಸಿದ್ದರು ಎಂಬ ಕಥೆಯುಂಟು. ಕಥೆ ಎಷ್ಟು ನಿಜವೋ, ಮುಂದೆ ಅವರು ಪೆಸ್ಟ್ ನಗರದಲ್ಲಿ ಎಂಜಿನಿಯರಿಂಗ್ ಓದಿ, ಅಲ್ಲಿಯೇ ನಗರದ ಎಂಜಿನಿಯರಾದರು. 1837ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಗಣಿತ ಪ್ರಾಧ್ಯಾಪಕರಾದರು.

1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೆರ್ ಅವರ ಛಾಯಾಚಿತ್ರ ವಿಧಾನ ಪ್ರಕಟವಾಯಿತು. ಆಗಿನ ಲೆನ್ಸ್‌ಗಳು ಬಹಳ ಕಡಿಮೆ ಬೆಳಕನ್ನು ಒಳಬಿಡುತ್ತಿದ್ದುದರಿಂದ ಒಂದು ಚಿತ್ರಕ್ಕೆ ಹಲವು ನಿಮಿಷ ಬೇಕಿತ್ತು. ಅಷ್ಟು ಹೊತ್ತು ಅಲುಗಾಡದೆ ಕೂರುವ ಮನುಷ್ಯ ಯಾರು? ಸಹೋದ್ಯೋಗಿ ಎಟಿಂಗ್ಸ್‌ಹೌಸನ್ ಅವರಿಂದ ಈ ಸಮಸ್ಯೆ ತಿಳಿದ ಪೆಟ್ಸ್‌ವಾಲ್, ಗಾಜು ಉಜ್ಜಿ ಪ್ರಯೋಗ ಮಾಡುವ ಬದಲು ಕಾಗದದ ಮೇಲೆ ಕಿರಣಗಳ ದಾರಿಯನ್ನು ಲೆಕ್ಕ ಹಾಕತೊಡಗಿದರು. ಲೆಕ್ಕಕ್ಕೆ ನೆರವಾಗಲು ಆರ್ಚ್‌ಡ್ಯೂಕ್ ಲುಡ್ವಿಗ್ ಫಿರಂಗಿ ದಳದ ಸೈನಿಕರನ್ನೇ ಕಳುಹಿಸಿಕೊಟ್ಟರು. 1840ರಲ್ಲಿ ಲೆನ್ಸ್ ಸಿದ್ಧವಾಯಿತು. ಒಟ್ಟು ನಾಲ್ಕು ಗಾಜುಗಳು: ಮುಂದಿನ ಎರಡು ಅಂಟಿಕೊಂಡವು, ಹಿಂದಿನ ಎರಡರ ನಡುವೆ ತುಸು ಅಂತರ. ಅದರ ಎಫ್ ಸಂಖ್ಯೆ ಸುಮಾರು 3.6. ಹಿಂದಿನ ಲೆನ್ಸ್‌ಗಳದು 15ರ ಆಸುಪಾಸು. ಎರಡನ್ನೂ ಭಾಗಿಸಿ ವರ್ಗ ಮಾಡಿದರೆ ಬೆಳಕು ಸುಮಾರು 17 ಪಟ್ಟು ಹೆಚ್ಚು ಎಂದು ನೀವೇ ಲೆಕ್ಕ ಹಾಕಬಹುದು. ಮುಖದ ಚಿತ್ರ ತೆಗೆಯುವುದು ಒಂದು ವೃತ್ತಿಯಾಗಿ ಬೆಳೆಯಲು ಈ ಲೆನ್ಸ್ ದೊಡ್ಡ ಕಾರಣ.

ಆದರೆ ಅದು ನಡುವಿನಲ್ಲಷ್ಟೇ ಚುರುಕು. ಅದರ ಫೋಕಸ್ ಸಮತಟ್ಟಾದ ಫಲಕದ ಮೇಲೆ ಬೀಳದೆ ಬಟ್ಟಲಿನಂತೆ ಬಾಗುತ್ತದೆ, ಹಾಗಾಗಿ ಅಂಚು ಮಸುಕಾಗುತ್ತದೆ. ಅಂಚಿನ ಕಡೆಗೆ ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆ ಸ್ವಲ್ಪ ಕತ್ತರಿಸುತ್ತದೆ. ನಡುವಿನಲ್ಲಿ ದುಂಡಗೆ ಕಾಣುವ ಬೆಳಕಿನ ಬೊಟ್ಟು ಅಲ್ಲಿ ಬಾದಾಮಿಯ ಆಕಾರಕ್ಕೆ ತಿರುಗುತ್ತದೆ. ಈ ಬಾದಾಮಿಗಳು ಕೇಂದ್ರದ ಸುತ್ತ ಸಾಲಾಗಿ ನಿಂತಾಗ ನಮ್ಮ ಕಣ್ಣಿಗೆ ಸುಳಿ ಕಾಣುತ್ತದೆ. ಹೂವನ್ನು ನಡುವಿಗಿಟ್ಟು, ದೂರದಲ್ಲಿ ಬಿಸಿಲು ತೂರಿಬರುವ ಎಲೆಗಳಿರುವಂತೆ ನೋಡಿಕೊಂಡರೆ ಪರಿಣಾಮ ಚೆನ್ನಾಗಿ ಬರುವುದು ಇದರಿಂದಲೇ. ಸ್ವಾರಸ್ಯವೆಂದರೆ, ಈ ಬಾಗುವಿಕೆಯ ನಿಯಮವನ್ನು 1843ರಲ್ಲಿ ಪ್ರಕಟಿಸಿದವರೂ ಪೆಟ್ಸ್‌ವಾಲ್ ಅವರೇ! ಅವರು ಕೊರತೆಯೆಂದು ಅಳೆದದ್ದಕ್ಕೆ ಇಂದಿನವರು ದುಡ್ಡು ಕೊಡುತ್ತಾರೆ. 2013ರಲ್ಲಿ ಲೋಮೋಗ್ರಫಿ ಸಂಸ್ಥೆ ಅವರ ಹೆಸರಿನಲ್ಲೇ ಹಿತ್ತಾಳೆಯ ಹೊಸ ಲೆನ್ಸ್ ತರಲು ಹೊರಟಾಗ ಜನ ಮುಂಗಡ ಹಣ ಕೊಟ್ಟರು.

ಪೆಟ್ಸ್‌ವಾಲ್ ಅವರಿಗೆ ದಕ್ಕಿದ್ದು ಒಂದೇ ಬಾರಿಯ 2,000 ಗುಲ್ಡನ್. ಲೆನ್ಸ್ ತಯಾರಿಸಿ ಮಾರಿದ ಫೋಯ್ಕ್ಟ್‌ಲೆಂಡರ್ ಶ್ರೀಮಂತರಾದರು. ಇಬ್ಬರ ನಡುವೆ ಮನಸ್ತಾಪ ಬೆಳೆದು ವರ್ಷಗಟ್ಟಲೆ ನಡೆಯಿತು. ಪೆಟ್ಸ್‌ವಾಲ್ ಅವರ ಸ್ವಭಾವವೂ ಸುಲಭದ್ದಲ್ಲ. ನಗರದ ಹೊರಗೆ ಕಾಲೆನ್‌ಬೆರ್ಗ್ ಬೆಟ್ಟದ ಹಳೆಯ ಮಠದ ಕಟ್ಟಡದಲ್ಲಿ ವಾಸವಿದ್ದು, ಕಪ್ಪು ಅರಬ್ಬಿ ಕುದುರೆಯೇರಿ ಪಾಠಕ್ಕೆ ಬರುತ್ತಿದ್ದರಂತೆ. ಆದರೆ ನನಗೆ ಹೆಚ್ಚು ನೋವಿನದೆನಿಸುವುದು ಹಣದ ಸಂಗತಿಯಲ್ಲ. 1859ರಲ್ಲಿ ಅವರ ಮನೆಗೆ ಯಾರೋ ನುಗ್ಗಿದರು. ದೃಗ್ವಿಜ್ಞಾನದ ಬಗ್ಗೆ ಹಲವು ವರ್ಷ ಕೂತು ಬರೆದಿದ್ದ ಹಸ್ತಪ್ರತಿಗಳು ನಾಶವಾದವು. ಆ ದೊಡ್ಡ ಗ್ರಂಥವನ್ನು ಅವರು ಮತ್ತೆ ಬರೆಯಲಾಗಲಿಲ್ಲ. ಬೆಳಕನ್ನು ಬಿಟ್ಟು ಶಬ್ದಶಾಸ್ತ್ರದ ಕಡೆ ತಿರುಗಿದರು.

1877ರಲ್ಲಿ ನಿವೃತ್ತರಾಗಿ ಯಾರೊಡನೆಯೂ ಹೆಚ್ಚು ಬೆರೆಯದೆ ಉಳಿದರು. 1891ರ ಸೆಪ್ಟೆಂಬರ್ 17ರಂದು ವಿಯೆನ್ನಾದಲ್ಲಿ ತೀರಿಕೊಂಡರು. ಸ್ಪಿಷ್‌ಸ್ಕಾ ಬೆಲಾದಲ್ಲಿ ಅವರು ಹುಟ್ಟಿದ ಮನೆ ಈಗ ಅವರದೇ ಹೆಸರಿನ ವಸ್ತುಸಂಗ್ರಹಾಲಯ. ಹಳೆಯ ಕ್ಯಾಮೆರಾಗಳನ್ನು ಅಲ್ಲಿ ನೋಡಬಹುದು.