ಕಚೇರಿ ಮತ್ತು ಬರವಣಿಗೆ: ಫ್ರಾನ್ಜ್ ಕಾಫ್ಕಾನ ಉದ್ಯೋಗ ಜೀವನ

ಕನ್ನಡದ ನವ್ಯ ಸಾಹಿತ್ಯದ ಚರ್ಚೆಗಳಲ್ಲಿ ಫ್ರಾನ್ಜ್ ಕಾಫ್ಕಾನ (1883-1924) ಹೆಸರು ಪರಕೀಯ ಪ್ರಜ್ಞೆ, ಅಸಂಗತತೆ, ಅನಾಥಪ್ರಜ್ಞೆ ಮೊದಲಾದ ಪರಿಕಲ್ಪನೆಗಳ ಜೊತೆಯಲ್ಲಿಯೇ ಬಳಕೆಗೆ ಬಂದಿತು. ಇದರಿಂದಾಗಿ ಅವನ ಬದುಕಿನ ಬಗೆಗೂ ಒಂದು ಸಿದ್ಧ ಚಿತ್ರ ಓದುಗರಲ್ಲಿ ನೆಲೆನಿಂತಿದೆ. ಕತ್ತಲ ಕೋಣೆಯ ಮೂಲೆಯಲ್ಲಿ ಕಡತಗಳ ಅಡಿಗೆ ಸಿಕ್ಕಿ ನಲುಗಿದ ಬಡ ಗುಮಾಸ್ತನ ಚಿತ್ರವದು. ಅವನ ಕಚೇರಿಯ ಬರಹಗಳು, ಪತ್ರಗಳು ಹಾಗೂ ದಿನಚರಿಗಳು ಈ ಚಿತ್ರವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಕಾಫ್ಕಾ ಕಾನೂನಿನಲ್ಲಿ ಡಾಕ್ಟರೇಟ್ ಪದವಿ ಪಡೆದವನು; ಮೇಲಧಿಕಾರಿಗಳ ಮೆಚ್ಚುಗೆ ಗಳಿಸಿ ಒಂದಾದ ಮೇಲೊಂದು ಬಡ್ತಿಯನ್ನು ಕಂಡ ದಕ್ಷ ಅಧಿಕಾರಿ. ಹೀಗಿದ್ದೂ ನೌಕರಿ ಅವನಿಗೆ ಕೊನೆಯವರೆಗೆ ಹೊರಲಾರದ ಹೊರೆಯಾಗಿತ್ತು ಎಂಬುದೂ ಅಷ್ಟೇ ನಿಜ. ದಕ್ಷತೆ ಮತ್ತು ಅಸಹನೆ ಒಂದೇ ಮೇಜಿನ ಮುಂದೆ ಹದಿನಾಲ್ಕು ವರ್ಷ ಕುಳಿತಿದ್ದುದು ಹೇಗೆ ಎಂಬ ಪ್ರಶ್ನೆಯನ್ನು ಬಿಟ್ಟು ಅವನ ಬರವಣಿಗೆಯನ್ನು ಅರ್ಥೈಸುವುದು ಕಷ್ಟ.

1

ಕಾಫ್ಕಾ ಹುಟ್ಟಿದ್ದು 1883ರ ಜುಲೈ 3ರಂದು, ಅಂದಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಬೊಹೆಮಿಯಾದ ಪ್ರಾಗ್ ನಗರದಲ್ಲಿ. ಜರ್ಮನ್ ಮಾತನಾಡುವ ಯೆಹೂದಿ ಕುಟುಂಬ. ತಂದೆ ಹೆರ್ಮನ್ ಕಾಫ್ಕಾ ಹಳ್ಳಿಯ ಬಡತನದಿಂದ ಮೇಲೆ ಬಂದು ನಗರದಲ್ಲಿ ಅಲಂಕಾರ ಸಾಮಗ್ರಿಗಳ ಸಗಟು ವ್ಯಾಪಾರವನ್ನು ಕಟ್ಟಿದವನು. ಮಗನೂ ಗಟ್ಟಿಯಾದ ಜೀವನೋಪಾಯವೊಂದನ್ನು ಹಿಡಿಯಬೇಕೆಂಬುದು ಅವನ ನಿರೀಕ್ಷೆ. ಕಾಫ್ಕಾ ಕಾನೂನನ್ನು ಆರಿಸಿಕೊಂಡುದರಲ್ಲಿ ಆ ವಿಷಯದ ಮೇಲಿನ ಒಲವು ಕಾಣುವುದಿಲ್ಲ. ಯಾವ ವೃತ್ತಿಯಾದರೂ ಒಂದೇ ಎಂಬ ಉದಾಸೀನವೇ ಆ ಆಯ್ಕೆಯ ಹಿಂದಿತ್ತು. 1906ರ ಜೂನ್‌ನಲ್ಲಿ ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, ಆನಂತರದ ಒಂದು ವರ್ಷ ಸಂಬಳವಿಲ್ಲದೆ ನ್ಯಾಯಾಲಯಗಳಲ್ಲಿ ತರಬೇತಿ ಪಡೆದನು.

1907ರ ಅಕ್ಟೋಬರ್ 1ರಂದು ಅವನು ಟ್ರಿಯೆಸ್ಟ್ ಮೂಲದ ಅಸಿಕುರಾಟ್ಸಿಯೋನಿ ಜನರಾಲಿ ವಿಮಾ ಕಂಪನಿಯ ಪ್ರಾಗ್ ಶಾಖೆಯನ್ನು ಸೇರಿದನು. ಈ ನೌಕರಿ ದೊರೆತದ್ದು ಮ್ಯಾಡ್ರಿಡ್‌ನಲ್ಲಿ ರೈಲ್ವೆ ಅಧಿಕಾರಿಯಾಗಿದ್ದ ಸೋದರಮಾವನ ಪರಿಚಯದ ಬಲದಿಂದ. ತಿಂಗಳಿಗೆ 80 ಕ್ರೌನ್ ಸಂಬಳ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಕೆಲಸ. ಹೆಚ್ಚುವರಿ ದುಡಿಮೆಗೆ ಪ್ರತಿಫಲವಿಲ್ಲ. ರಜೆಯೂ ತೀರ ಕಡಿಮೆ. ಮೊದಮೊದಲು ಅವನು ಈ ಕಂಪನಿಯ ಮೂಲಕ ದೂರದ ದೇಶಗಳಿಗೆ ಹೋಗುವ ಕನಸು ಕಂಡು ಇಟಾಲಿಯನ್ ಭಾಷೆಯನ್ನು ಕಲಿಯತೊಡಗಿದ್ದನು. ಆ ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. ಸಂಜೆ ಮನೆಗೆ ಮರಳುವ ಹೊತ್ತಿಗೆ ಬರೆಯುವ ಶಕ್ತಿ ಇಂಗಿಹೋಗುತ್ತಿತ್ತು. ಸೇರಿದ ಕೆಲವೇ ತಿಂಗಳಲ್ಲಿ ಅವನು ಬೇರೆ ನೌಕರಿಯ ಹುಡುಕಾಟಕ್ಕೆ ಇಳಿದನು.

2

ಈ ಹುಡುಕಾಟದ ಸ್ವರೂಪ ಗಮನಾರ್ಹವಾದುದು. ಸಾಮಾನ್ಯವಾಗಿ ನೌಕರಿ ಬದಲಿಸುವವರು ಅರಸುವುದು ಹೆಚ್ಚಿನ ಸಂಬಳವನ್ನು, ಮೇಲಿನ ಸ್ಥಾನವನ್ನು. ಕಾಫ್ಕಾ ಅರಸಿದ್ದು ಮಧ್ಯಾಹ್ನಕ್ಕೆ ಮುಗಿಯುವ ಕೆಲಸವನ್ನು. ಅವನ ಗೆಳೆಯ, ಬರಹಗಾರ ಮ್ಯಾಕ್ಸ್ ಬ್ರಾಡ್‌ನ ಹಂಬಲವೂ ಇದೇ ಆಗಿತ್ತು. ಒಂದೇ ಪಾಳಿಯಲ್ಲಿ ಮುಗಿದು ಉಳಿದ ದಿನವನ್ನು ಬರವಣಿಗೆಗೆ ಬಿಟ್ಟುಕೊಡುವ ಹುದ್ದೆಗಳು ಪ್ರಾಗ್‌ನಲ್ಲಿ ಬೆರಳೆಣಿಕೆಯಷ್ಟು. ಅವೂ ಹೆಚ್ಚಾಗಿ ಸರಕಾರಿ ಅಥವಾ ಅರೆ ಸರಕಾರಿ ಕಚೇರಿಗಳವು. ಬ್ರಾಡ್ ಮುಂದೆ ಅಂಚೆ ಇಲಾಖೆಯನ್ನು ಸೇರಿದನು.

ಕಾಫ್ಕಾನ ಕಣ್ಣು ಬೊಹೆಮಿಯಾ ರಾಜ್ಯದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯ ಮೇಲಿತ್ತು. ದುಡಿಯುವಾಗ ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ಒದಗಿಸುವ 1887ರ ಕಾನೂನಿನ ಅನ್ವಯ ರೂಪುಗೊಂಡ ಸಂಸ್ಥೆಯಿದು. ಕೆಲಸದ ವೇಳೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ. ಆದರೆ ಯೆಹೂದಿಗಳಿಗೆ ಇದರ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದಿತು. ಕಾಫ್ಕಾ ಎರಡು ದಾರಿಗಳಿಂದ ಪ್ರಯತ್ನಿಸಿದನು. 1908ರ ಆರಂಭದಲ್ಲಿ, ವಿಮಾ ಕಂಪನಿಯ ನೌಕರಿಯಲ್ಲಿರುವಾಗಲೇ, ಪ್ರಾಗ್‌ನ ವಾಣಿಜ್ಯ ಅಕಾಡೆಮಿಯಲ್ಲಿ ಕಾರ್ಮಿಕರ ವಿಮೆಯನ್ನು ಕುರಿತ ತರಗತಿಗಳಿಗೆ ಸೇರಿದನು. ಅಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಅದೇ ಸಂಸ್ಥೆಯ ಅಧಿಕಾರಿಗಳಿದ್ದರು. ಎರಡನೆಯ ದಾರಿ ಶಾಲೆಯ ಸಹಪಾಠಿ ಎವಾಲ್ಡ್ ಪ್ರಿಬ್ರಾಮ್‌ನದು. ಅವನ ತಂದೆ ಆ ಸಂಸ್ಥೆಯ ಅಧ್ಯಕ್ಷನಾಗಿದ್ದನು. ಅರ್ಹತೆಯೂ ಶಿಫಾರಸೂ ಕೂಡಿದ ಮೇಲೆ ಬಾಗಿಲು ತೆರೆಯಿತು. ಕಾಫ್ಕಾ 1908ರ ಜುಲೈ ಮಧ್ಯದಲ್ಲಿ ಅನಾರೋಗ್ಯದ ವೈದ್ಯಕೀಯ ಪತ್ರವನ್ನು ಮುಂದಿಟ್ಟು ಹಳೆಯ ಕಂಪನಿಯಿಂದ ಬಿಡುಗಡೆ ಪಡೆದನು. ಎರಡು ವಾರಗಳ ಬಳಿಕ, ಜುಲೈ 30ರಂದು, ತಾತ್ಕಾಲಿಕ ನೌಕರನಾಗಿ ಹೊಸ ಸಂಸ್ಥೆಗೆ ಹಾಜರಾದನು.

3

ಹೊಸ ಕಚೇರಿಯ ಕೆಲಸ ಯಾಂತ್ರಿಕವಾದುದಾಗಿರಲಿಲ್ಲ. ಕಾರ್ಖಾನೆಗಳನ್ನು ಅಪಾಯದ ಪ್ರಮಾಣಕ್ಕನುಗುಣವಾಗಿ ವರ್ಗೀಕರಿಸುವುದು, ಆ ವರ್ಗಕ್ಕೆ ತಕ್ಕಂತೆ ಮಾಲೀಕರು ಕಟ್ಟಬೇಕಾದ ವಿಮಾ ಕಂತನ್ನು ಸಮರ್ಥಿಸುವುದು, ಅವರ ಮೇಲ್ಮನವಿಗಳಿಗೆ ಕಾನೂನುಬದ್ಧ ಉತ್ತರ ಸಿದ್ಧಪಡಿಸುವುದು ಇವು ಅವನ ಹೊಣೆಗಳಾಗಿದ್ದವು. ಕಂತು ತಗ್ಗಲೆಂದು ಕೂಲಿಯ ಮೊತ್ತವನ್ನು ಕಡಿಮೆ ತೋರಿಸುವ ಮಾಲೀಕರೊಡನೆ ನಿತ್ಯವೂ ವಾದ. ಉತ್ತರ ಬೊಹೆಮಿಯಾದ ಲಿಬೆರೆಟ್ಸ್, ಯಾಬ್ಲೊನೆಟ್ಸ್, ಫ್ರೀಡ್ಲಾಂಟ್ ಮೊದಲಾದ ಕೈಗಾರಿಕಾ ಪಟ್ಟಣಗಳಿಗೆ ತಪಾಸಣೆಯ ಪ್ರವಾಸ. ಅಲ್ಲಿ ಗಿರಣಿಗಳ ಸದ್ದನ್ನೂ ಕಾರ್ಮಿಕರ ಊನಗೊಂಡ ಕೈಗಳನ್ನೂ ಅವನು ಹತ್ತಿರದಿಂದ ಕಂಡನು.

ಸಂಸ್ಥೆಯ 1909ರ ವಾರ್ಷಿಕ ವರದಿಗಾಗಿ ಅವನು ಸಿದ್ಧಪಡಿಸಿದ ಲೇಖನವೊಂದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮರದ ಹಲಗೆಗಳನ್ನು ನುಣುಪುಗೊಳಿಸುವ ಯಂತ್ರಗಳಲ್ಲಿ ಆಗಿನ ಕಾಲಕ್ಕೆ ಚೌಕಾಕಾರದ ತಿರುಗುದಂಡ ಬಳಕೆಯಲ್ಲಿತ್ತು. ದಂಡಕ್ಕೂ ಮೇಜಿಗೂ ನಡುವೆ ಉಳಿಯುವ ಅಗಲವಾದ ಸಂದಿಗೆ ಕೈ ಜಾರಿದರೆ ಬೆರಳುಗಳು ತುಂಡಾಗುತ್ತಿದ್ದವು. ದುಂಡಾದ ದಂಡವನ್ನು ಅಳವಡಿಸಿ ಅಲಗುಗಳನ್ನು ಅದರೊಳಗೆ ಹುದುಗಿಸಿದಲ್ಲಿ ಸಂದಿ ಕಿರಿದಾಗಿ, ಕೈ ಜಾರಿದರೂ ಗಾಯ ಸಣ್ಣದರಲ್ಲಿ ಮುಗಿಯುತ್ತಿತ್ತು. ಕಾಫ್ಕಾ ಇದನ್ನು ಚಿತ್ರಗಳ ಸಮೇತ ವಿವರಿಸಿದನು. ಬೆರಳು ಕಳೆದುಕೊಂಡ ಕೈಗಳ ರೇಖಾಚಿತ್ರಗಳೂ ಆ ವರದಿಯಲ್ಲಿವೆ. ಸುರಕ್ಷಿತ ದಂಡದಿಂದ ಮಾಲೀಕರಿಗೂ ಖರ್ಚು ತಗ್ಗುತ್ತದೆ ಎಂಬ ವಾದವನ್ನು ಅವನು ಸೇರಿಸಲು ಮರೆಯಲಿಲ್ಲ. ಕರುಣೆಯ ಮಾತಿಗೆ ಕಿವಿಗೊಡದವರು ಲೆಕ್ಕದ ಮಾತಿಗೆ ಕಿವಿಗೊಟ್ಟಾರು ಎಂಬ ವ್ಯವಹಾರ ಜ್ಞಾನ ಇದರಲ್ಲಿದೆ. ಅಲಂಕಾರವಿಲ್ಲದ, ಯಂತ್ರದ ಒಂದೊಂದು ಭಾಗವನ್ನೂ ನಿರುದ್ವಿಗ್ನವಾಗಿ ವಿವರಿಸುವ ಈ ಗದ್ಯಕ್ಕೂ ಮುಂದೆ ಅವನು ಬರೆದ, ಶಿಕ್ಷಾಯಂತ್ರವೊಂದನ್ನು ವರ್ಣಿಸುವ ‘ದಂಡನೆಯ ವಸಾಹತಿನಲ್ಲಿ’ ಕಥೆಯ ಗದ್ಯಕ್ಕೂ ಹತ್ತಿರದ ನಂಟಿದೆ.

1910ರಲ್ಲಿ ಕಾಫ್ಕಾನ ಕೆಲಸ ಕಾಯಂ ಆಯಿತು. ಬಡ್ತಿಗಾಗಿ ಕೃತಜ್ಞತೆ ಸಲ್ಲಿಸಲು ಸಹೋದ್ಯೋಗಿಗಳೊಡನೆ ಅಧ್ಯಕ್ಷನ ಮುಂದೆ ನಿಂತಾಗ, ಆ ಗಂಭೀರ ಭಾಷಣವನ್ನು ಕೇಳುತ್ತಲೇ ಅವನಿಗೆ ತಡೆಯಲಾರದ ನಗು ಉಕ್ಕಿ ಪೇಚಿಗೆ ಸಿಲುಕಿದ ಪ್ರಸಂಗವನ್ನು ಅವನೇ ಪತ್ರವೊಂದರಲ್ಲಿ ವಿಸ್ತಾರವಾಗಿ ನೆನೆದಿದ್ದಾನೆ. ಅಧಿಕಾರದ ಗಾಂಭೀರ್ಯದಲ್ಲಿ ಅಡಗಿರುವ ಹಾಸ್ಯವನ್ನು ಅವನು ಮೊದಲು ಕಂಡುಕೊಂಡದ್ದು ಇಂಥ ಕೊಠಡಿಗಳಲ್ಲಿಯೇ.

4

ಎರಡು ಗಂಟೆಗೆ ಬಿಡುಗಡೆ ದೊರೆತರೂ ಬರವಣಿಗೆಗೆ ಹೊತ್ತು ದೊರೆಯಲಿಲ್ಲ. ಮನೆಯಲ್ಲಿ ಅವನ ಕೋಣೆ ತಂದೆ ತಾಯಿಯರ ಮಲಗುವ ಕೋಣೆಗೂ ನಡುಮನೆಗೂ ನಡುವೆ ಓಡಾಟದ ದಾರಿಯಾಗಿತ್ತು. ಬಾಗಿಲು ಬಡಿಯುವ ಸದ್ದು, ತಂದೆಯ ಜೋರು ದನಿ, ತಂಗಿಯರ ಮಾತುಗಳ ನಡುವೆ ಹಗಲಲ್ಲಿ ಬರೆಯುವುದು ಅಸಾಧ್ಯವಾಗಿತ್ತು. 1912ರ ಹೊತ್ತಿಗೆ ಅವನ ದಿನಚರಿ ಈ ರೀತಿ ಇತ್ತು: ಮಧ್ಯಾಹ್ನ ಊಟದ ಬಳಿಕ ಏಳೂವರೆಯವರೆಗೆ ನಿದ್ದೆಯ ಪ್ರಯತ್ನ, ತೆರೆದ ಕಿಟಕಿಯ ಮುಂದೆ ಹತ್ತು ನಿಮಿಷದ ವ್ಯಾಯಾಮ, ಒಂದು ಗಂಟೆಯ ತಿರುಗಾಟ, ಮನೆಯವರೊಡನೆ ರಾತ್ರಿಯ ಊಟ, ಎಲ್ಲರೂ ಮಲಗಿದ ಮೇಲೆ, ಹತ್ತೂವರೆ ಹನ್ನೊಂದರಿಂದ ನಡುರಾತ್ರಿಯ ಒಂದು, ಎರಡು, ಕೆಲವೊಮ್ಮೆ ಮೂರರವರೆಗೆ ಬರವಣಿಗೆ. ಮತ್ತೆ ಎಂಟಕ್ಕೆ ಕಚೇರಿ.

ಇದರ ಮೇಲೆ ಇನ್ನೊಂದು ಹೊರೆ. 1911ರ ಕೊನೆಯಲ್ಲಿ ಅವನ ತಂಗಿಯ ಗಂಡ ಸ್ಥಾಪಿಸಿದ ಕಲ್ನಾರು ಕಾರ್ಖಾನೆಯಲ್ಲಿ ತಂದೆಯ ಹಣದಿಂದ ಕಾಫ್ಕಾನೂ ಪಾಲುದಾರನಾದನು. ಕಚೇರಿ ಮುಗಿದ ಮೇಲೆ ಅಲ್ಲಿಗೆ ಹೋಗಿ ಮೇಲ್ವಿಚಾರಣೆ ನಡೆಸಬೇಕೆಂಬ ಮನೆಯವರ ಒತ್ತಾಯ ಬೆಳೆಯಿತು. ಬರೆಯಲು ಉಳಿದಿದ್ದ ಹೊತ್ತನ್ನೂ ಕಳೆದುಕೊಳ್ಳುವ ಭಯದಿಂದ 1912ರ ಅಕ್ಟೋಬರ್‌ನಲ್ಲಿ ಅವನು ಜೀವವನ್ನೇ ಕೊನೆಗಾಣಿಸುವ ಯೋಚನೆಗೆ ಬಂದುದನ್ನು ಬ್ರಾಡ್‌ಗೆ ತಿಳಿಸಿದನು. ಬ್ರಾಡ್ ಗುಟ್ಟಾಗಿ ಕಾಫ್ಕಾನ ತಾಯಿಗೆ ಬರೆದು ಆ ಒತ್ತಡ ತಗ್ಗುವಂತೆ ಮಾಡಿದನು.

ಅವನ ಬರವಣಿಗೆಯ ಮಹತ್ವದ ತಿರುವು ಬಂದದ್ದೂ ಈ ದಿನಗಳಲ್ಲಿಯೇ. 1912ರ ಸೆಪ್ಟೆಂಬರ್ 22ರ ಭಾನುವಾರ ರಾತ್ರಿ ಹತ್ತರಿಂದ ಮರುದಿನ ಬೆಳಗಿನ ಆರರವರೆಗೆ ಒಂದೇ ಕೂರಿಕೆಯಲ್ಲಿ ‘ತೀರ್ಪು’ ಕಥೆಯನ್ನು ಬರೆದನು. ಆ ಬೆಳಿಗ್ಗೆ ಕಚೇರಿಗೆ ತಡವಾಗಿ ಬರುವುದಾಗಿ, ಮೈ ಸರಿಯಿಲ್ಲವೆಂದು, ಮೇಲಧಿಕಾರಿಗೆ ಚೀಟಿ ಕಳುಹಿಸಿದನು. ನವೆಂಬರ್‌ನಲ್ಲಿ ‘ರೂಪಾಂತರ’ವನ್ನು ಆರಂಭಿಸಿದಾಗ, ನಡುವೆ ಕಚೇರಿಯ ಕೆಲಸದ ಮೇಲೆ ಕ್ರಾಟ್ಸೌ ಪಟ್ಟಣಕ್ಕೆ ಹೋಗಬೇಕಾಗಿ ಬಂದು ಬರವಣಿಗೆಯ ಓಟ ಮುರಿಯಿತು. ಕಥೆಗೆ ಇದರಿಂದ ಪೆಟ್ಟು ಬಿದ್ದಿತೆಂಬ ಕೊರಗು ಅವನನ್ನು ಬಿಡಲಿಲ್ಲ. ಆ ಕಥೆಯ ನಾಯಕ ಗ್ರೆಗೊರ್ ಸಂಸಾ ಒಂದು ಬೆಳಿಗ್ಗೆ ಹುಳುವಾಗಿ ಎಚ್ಚರಗೊಂಡರೂ ಅವನ ಮೊದಲ ಚಿಂತೆ ತಪ್ಪಿಹೋದ ರೈಲಿನದು, ಕೆಲಸದ ಯಜಮಾನನದು. ತಂದೆ ತಾಯಿಯರ ಸಾಲ ತೀರುವವರೆಗೆ ಒಲ್ಲದ ನೌಕರಿಯನ್ನು ಬಿಡಲಾರದ ಸ್ಥಿತಿ ಅವನದು. ಈ ಕಥೆ ಮುಗಿದ ಕೆಲವೇ ದಿನಗಳಲ್ಲಿ, ಡಿಸೆಂಬರ್‌ನಲ್ಲಿ, ಕಾಫ್ಕಾ ತನ್ನ ಸಂಬಳ ಮತ್ತು ದರ್ಜೆಯನ್ನು ಹೆಚ್ಚಿಸಬೇಕೆಂದು ಸಂಸ್ಥೆಗೆ ಮನವಿ ಸಲ್ಲಿಸಿದನು. ಮರುವರ್ಷ ಅವನು ಉಪಕಾರ್ಯದರ್ಶಿಯಾದನು. ಬಿಡಬೇಕೆಂಬ ಹಂಬಲ ಮತ್ತು ಮೇಲೇರುವ ಯತ್ನ ಒಟ್ಟಿಗೇ ಸಾಗಿದ್ದವು.

5

ನೌಕರಿಯನ್ನು ತೊರೆಯುವ ಸ್ಪಷ್ಟ ಯೋಜನೆ ಮೂಡಿದ್ದು 1914ರಲ್ಲಿ. ಬರ್ಲಿನ್‌ನ ಫೆಲಿಸ್ ಬಾಯರ್ ಜೊತೆಗಿನ ನಿಶ್ಚಿತಾರ್ಥ ಆ ವರ್ಷದ ಜುಲೈ 12ರಂದು ಮುರಿದುಬಿದ್ದಿತು. ಅದೇ ತಿಂಗಳಲ್ಲಿ ಕಾಫ್ಕಾ ತಂದೆ ತಾಯಿಯರಿಗೆ ಪತ್ರವೊಂದನ್ನು ಬರೆದು, ಕೈಯಲ್ಲಿರುವ 5000 ಕ್ರೌನ್ ಉಳಿತಾಯದಿಂದ ಎರಡು ವರ್ಷ ಬರ್ಲಿನ್ ಅಥವಾ ಮ್ಯೂನಿಕ್‌ನಲ್ಲಿದ್ದು ಬರವಣಿಗೆಯಿಂದಲೇ ಬದುಕಲು ಯತ್ನಿಸುವ ಇಚ್ಛೆಯನ್ನು ನಿರೂಪಿಸಿದನು. ಮೂವತ್ತೊಂದರ ವಯಸ್ಸಿನಲ್ಲಿ ಮೊದಲ ಬಾರಿಗೆ ಲೆಕ್ಕ ಹಾಕಿ ಹೊರಟ ದಾರಿಯಿದು. ಕೆಲವೇ ದಿನಗಳಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಆ ದಾರಿ ಮುಚ್ಚಿಹೋಯಿತು.

ಯುದ್ಧಕಾಲದಲ್ಲಿ ಸಂಸ್ಥೆ ಅವನನ್ನು ಅನಿವಾರ್ಯ ಸಿಬ್ಬಂದಿಯೆಂದು ತೋರಿಸಿ ಸೈನ್ಯ ಸೇವೆಯಿಂದ ವಿನಾಯಿತಿ ಕೊಡಿಸಿತು. ಉಳಿದವರು ಬಯಸಿ ಪಡೆಯುತ್ತಿದ್ದ ಈ ರಕ್ಷಣೆ ಕಾಫ್ಕಾನಿಗೆ ಸೆರೆಯಾಗಿ ಕಂಡಿತು. 1916ರಲ್ಲಿ ಅವನು ನಿರ್ದೇಶಕ ರಾಬರ್ಟ್ ಮಾರ್ಷ್ನರ್‌ನ ಮುಂದೆ ಸಂಬಳರಹಿತ ದೀರ್ಘ ರಜೆಯನ್ನಾದರೂ ಕೊಡಿ, ಇಲ್ಲವೇ ಸೈನ್ಯಕ್ಕೆ ಸೇರಲು ಬಿಡಿ ಎಂಬ ಬೇಡಿಕೆಯಿಟ್ಟನು. ದೊರೆತದ್ದು ಮೂರು ವಾರಗಳ ರಜೆ ಮಾತ್ರ. ಈ ನಡುವೆ ಯುದ್ಧದಲ್ಲಿ ಅಂಗವಿಕಲರಾಗಿ, ಮನಸ್ಸು ಕೆಟ್ಟು ಮರಳಿದ ಸೈನಿಕರ ಆರೈಕೆಯ ಕೆಲಸವೂ ಸಂಸ್ಥೆಯ ಪಾಲಿಗೆ ಬಂದಿತು. ಅಂಥವರಿಗಾಗಿ ಆಸ್ಪತ್ರೆಯನ್ನು ಸ್ಥಾಪಿಸುವ ಪ್ರಯತ್ನದಲ್ಲಿ ಕಾಫ್ಕಾ ಶ್ರದ್ಧೆಯಿಂದ ದುಡಿದನು.

6

1917ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಅವನು ರಕ್ತ ಕಾರಿದನು. ಅದು ಕ್ಷಯ. ನಿವೃತ್ತಿಯನ್ನು ಕೋರಿದಾಗ ಸಂಸ್ಥೆ ರಜೆಯನ್ನಷ್ಟೇ ನೀಡಿತು. ತಂಗಿ ಒಟ್ಲಾ ಬೇಸಾಯ ಮಾಡಿಸುತ್ತಿದ್ದ ಝುರಾವ್ ಹಳ್ಳಿಯಲ್ಲಿ ಅವನು ಕಳೆದ ಎಂಟು ತಿಂಗಳು ಅವನ ಬದುಕಿನ ನೆಮ್ಮದಿಯ ದಿನಗಳಲ್ಲಿ ಸೇರುತ್ತವೆ. 1918ರಲ್ಲಿ ಸಾಮ್ರಾಜ್ಯ ಕುಸಿದು ಚೆಕೊಸ್ಲೊವಾಕಿಯಾ ಉದಯಿಸಿದಾಗ ಸಂಸ್ಥೆಯ ಆಡಳಿತ ಚೆಕ್ಕರ ಕೈಗೆ ಬಂದಿತು. ಜರ್ಮನ್ ಭಾಷಿಕ ಮೇಲಧಿಕಾರಿಗಳು ಸ್ಥಾನ ಕಳೆದುಕೊಂಡರೂ ಚೆಕ್ ಭಾಷೆಯನ್ನು ಬಲ್ಲ ಕಾಫ್ಕಾ ಉಳಿದುಕೊಂಡನು. 1920ರಲ್ಲಿ ಕಾರ್ಯದರ್ಶಿ, 1922ರಲ್ಲಿ ಹಿರಿಯ ಕಾರ್ಯದರ್ಶಿ ಹೀಗೆ ಬಡ್ತಿಗಳು ಬರುತ್ತಲೇ ಇದ್ದವು. ಆಗ ಅವನು ಆರೋಗ್ಯಧಾಮಗಳಲ್ಲಿ ಕಳೆದ ಕಾಲವೇ ಹೆಚ್ಚು. 1922ರ ಜುಲೈ 1ರಂದು ನಿವೃತ್ತಿ ದೊರೆಯಿತು.

ಅದೇ ವರ್ಷ ಅವನು ‘ಕೋಟೆ’ ಕಾದಂಬರಿಯನ್ನು ಬರೆಯುತ್ತಿದ್ದನು. ಭೂಮಾಪಕನ ಕೆಲಸಕ್ಕೆ ತನ್ನನ್ನು ಕರೆಸಲಾಗಿದೆ ಎಂದು ನಂಬಿ ಹಳ್ಳಿಯೊಂದಕ್ಕೆ ಬಂದವನಿಗೆ, ಆ ನೇಮಕ ನಿಜವೇ ಎಂಬುದೇ ಕೊನೆಯವರೆಗೂ ಖಚಿತವಾಗುವುದಿಲ್ಲ. ನೌಕರಿಯಿಂದ ಬಿಡುಗಡೆ ಹೊಂದಿದ ವರ್ಷದಲ್ಲಿ ನೌಕರಿಗಾಗಿ ಅಲೆಯುವವನ ಕಥೆಯನ್ನು ಬರೆದುದು ಆಕಸ್ಮಿಕವೆನಿಸದು. ಕಾದಂಬರಿ ಅಪೂರ್ಣವಾಗಿಯೇ ಉಳಿಯಿತು.

1923ರ ಸೆಪ್ಟೆಂಬರ್‌ನಲ್ಲಿ ಕಾಫ್ಕಾ ಕೊನೆಗೂ ಬರ್ಲಿನ್ ತಲುಪಿದನು. ಒಂಬತ್ತು ವರ್ಷ ತಡವಾಗಿ ಈಡೇರಿದ ಈ ಆಸೆಗೆ ಡೋರಾ ಡಿಯಮಾಂಟ್‌ಳ ಸಂಗಾತಿತನವೂ ಒದಗಿತ್ತು. ಆದರೆ ಆಗ ಜರ್ಮನಿಯಲ್ಲಿ ಹಣದುಬ್ಬರ ಮಿತಿಮೀರಿತ್ತು. ಅಲ್ಲಿ ಅವನ ಜೀವನಕ್ಕೆ ಮುಖ್ಯ ಆಧಾರವಾದದ್ದು ಪ್ರಾಗ್‌ನ ಆ ಕಚೇರಿ ಕಳುಹಿಸುತ್ತಿದ್ದ ಪಿಂಚಣಿಯೇ. 1924ರ ಮಾರ್ಚ್‌ನಲ್ಲಿ ಕಾಯಿಲೆ ಉಲ್ಬಣಿಸಿ ಬರ್ಲಿನ್ ಬಿಡಬೇಕಾಯಿತು. ಜೂನ್ 3ರಂದು ವಿಯೆನ್ನಾ ಸಮೀಪದ ಕೀರ್ಲಿಂಗ್‌ನಲ್ಲಿ, ನಲವತ್ತೊಂದು ತುಂಬುವ ಮುನ್ನವೇ, ಅವನು ತೀರಿಕೊಂಡನು.

ಕಾಫ್ಕಾನ ಉದ್ಯೋಗ ಜೀವನವನ್ನು ಕಲಾವಿದನನ್ನು ಕೊಂದ ಕಚೇರಿಯ ಕಥೆಯೆಂದಾಗಲಿ, ಕಲೆಗೆ ಸರಕು ಒದಗಿಸಿದ ಕಚೇರಿಯ ಕಥೆಯೆಂದಾಗಲಿ ಸರಳಗೊಳಿಸಲಾಗದು. ಕಚೇರಿ ಅವನಿಂದ ಬರೆಯುವ ಹೊತ್ತನ್ನು ಕಸಿದುಕೊಂಡಿತು. ಕೊನೆಗಾಲದಲ್ಲಿ ಅನ್ನವನ್ನೂ ಕೊಟ್ಟಿತು. ಅವನು ದ್ವೇಷಿಸಿದ ಆ ಮೇಜಿನಿಂದ ಹೊರಟ ವರದಿಗಳು ಅಪರಿಚಿತ ಕಾರ್ಮಿಕರ ಬೆರಳುಗಳ ಪರವಾಗಿ ವಾದಿಸಿದವು. ಇಷ್ಟಾದರೂ, ಅವನ ಆಪ್ತ ಬರಹಗಳಲ್ಲಿ ಈ ಕೆಲಸದ ಬಗೆಗೆ ತೃಪ್ತಿಯ ಮಾತು ತೀರ ವಿರಳ. ಒಳ್ಳೆಯ ಕೆಲಸವೂ ತನ್ನದಲ್ಲದ ಕೆಲಸವಾಗಿದ್ದರೆ ಮನುಷ್ಯನನ್ನು ಹೇಗೆ ಸವೆಸುತ್ತದೆ ಎಂಬುದಕ್ಕೆ ಅವನ ಬದುಕು ಒಂದು ನಿದರ್ಶನವಾಗಿದೆ.